ಎತ್ತಬಾರದ ಕರೆ

ನಾನು ಒಂದು ಸಿಮ್ ಕಾರ್ಡು. ಹೆಬ್ಬೆರಳಿನ ಉಗುರಿಗಿಂತ ಚಿಕ್ಕವನು. ಮುಖಕ್ಕೆ ಬಂಗಾರದ ಬಣ್ಣವಿದೆ, ಆದರೆ ಅದನ್ನು ನೋಡಿ ಮೆಚ್ಚಿದವರು ಯಾರೂ ಇಲ್ಲ. ಬಾಳೆಲ್ಲ ಫೋನಿನ ಹೊಟ್ಟೆಯೊಳಗಿನ ಕತ್ತಲಲ್ಲಿ ಬೋರಲು ಬಿದ್ದುಕೊಂಡೇ ಕಳೆದೆ. ಹುಟ್ಟಿದ ಕಾರ್ಖಾನೆಯ ನೆನಪು ಹೆಚ್ಚಿಲ್ಲ. ದೊಡ್ಡ ಪ್ಲಾಸ್ಟಿಕ್ ಹಾಳೆಯಿಂದ ನನ್ನಂಥ ನೂರಾರು ಜನರನ್ನು ಕತ್ತರಿಸಿ, ಒಬ್ಬೊಬ್ಬರ ಬೆನ್ನ ಮೇಲೂ ಇಪ್ಪತ್ತು ಅಂಕಿಗಳನ್ನು ಅಚ್ಚು ಹಾಕಿದರು. ಅದು ಜನ ಕರೆ ಮಾಡುವ ನಂಬರಲ್ಲ, ನನ್ನ ಸ್ವಂತ ಗುರುತು. ಒಬ್ಬನದು ಇನ್ನೊಬ್ಬನಿಗೆ ಇರುವುದಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಲ್ಲಿಂದ ಗದಗಿನ ಸ್ಟೇಷನ್ ರಸ್ತೆಗೆ ಬಂದೆ. ಒಂದು ಛತ್ರಿಯ ಕೆಳಗೆ ಸಿಮ್ ಮಾರುವವನೊಬ್ಬ ಕೂತಿದ್ದ. ಅವನ ಮುಂದೆ ಒಬ್ಬ ಹೆಂಗಸು ಬಂದು ನಿಂತಳು. ಸೆರಗಿಗೆಲ್ಲ ಜೋಳದ ಹಿಟ್ಟು ಮೆತ್ತಿತ್ತು.

"ಜನಕ್ಕ ಮರೀಬಾರದು, ಅಂಥಾ ನಂಬರ ಕೊಡಪಾ," ಎಂದಳು.

ನನ್ನ ನಂಬರಿನ ಕೊನೆಯಲ್ಲಿ ಮೂರು ಏಳುಗಳಿದ್ದವು. ಹಾಗಾಗಿ ಶಿವಗಂಗವ್ವನ ಪಾಲಾದೆ. ಆಕೆಗೆ ಅದೇ ರಸ್ತೆಯಲ್ಲಿ ಬಾಡಿಗೆ ಕಟ್ಟಡದ ಒಂದು ಖಾನಾವಳಿ. ಆಕೆಯನ್ನೂ ಸೇರಿಸಿ ಆರು ಹೆಂಗಸರು ಮುಂಜಾನೆಯಿಂದ ರೊಟ್ಟಿ ಬಡಿಯುತ್ತಿದ್ದರು. ಮಾರನೆಯ ದಿನವೇ ಪೇಂಟರನ್ನು ಕರೆಸಿ ನನ್ನ ನಂಬರನ್ನು ಬೋರ್ಡಿನ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದಳು. ನನಗಾದ ಹೆಮ್ಮೆ ಅಷ್ಟಿಷ್ಟಲ್ಲ.

ಆ ಖಾನಾವಳಿಯಲ್ಲಿ ಒಂದು ಪದ್ಧತಿ ಇತ್ತು. ಅದನ್ನು ಶುರು ಮಾಡಿದವರು ಪಕ್ಕದ ಓಣಿಯ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಅಂದಾನಪ್ಪನವರು. ಕರೆಗೆ ದುಡ್ಡು ಬೀಳುತ್ತಿದ್ದ ಕಾಲ. ಪ್ರೆಸ್ಸಿನವರಿಗೆ ಮಾಮೂಲಿ ಊಟ ಬೇಕಾದರೆ ಹನ್ನೊಂದು ಗಂಟೆಯೊಳಗೆ ಒಂದು ಮಿಸ್ಡ್ ಕಾಲ್ ಕೊಡುವುದು. ಶಿವಗಂಗವ್ವ ಎತ್ತಬಾರದು. ಹೆಸರು ನೋಡಿ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಗೆರೆ ಎಳೆಯಬೇಕು. ಎರಡು ಸಲ ಬಂದರೆ ಎರಡು ಗೆರೆ, ರೊಟ್ಟಿಯೂ ದುಪ್ಪಟ್ಟು. ಲಾಡ್ಜಿನವರು, ಕೋರ್ಟಿನ ಗುಮಾಸ್ತರು, ಹತ್ತಿ ಅಂಗಡಿಯವರು ಎಲ್ಲರೂ ಇದನ್ನೇ ಕಲಿತರು. ಕರೆ ಪುಕ್ಕಟೆಯಾದ ಮೇಲೂ ಪದ್ಧತಿ ಬಿಡಲಿಲ್ಲ. ಆಕೆ ಒಂದು ಸಲವೂ ಎತ್ತಲಿಲ್ಲ. ಎತ್ತಿದರೆ ವಿಶ್ವಾಸ ಕೆಟ್ಟಂತೆ ಎಂದು ಎರಡೂ ಕಡೆಯವರು ತಿಳಿದಿದ್ದರು.

ಫೋನುಗಳು ಬದಲಾದವು. ಹೊಸದು ಬಂದಾಗಲೆಲ್ಲ ಅದರ ಬಾಯಿ ಚಿಕ್ಕದಾಯಿತು, ಆದ್ದರಿಂದ ಕತ್ತರಿ ನನ್ನ ಮೇಲೆ ಬಿತ್ತು. ಎರಡು ಸಲ ಕತ್ತರಿಸಿಕೊಂಡೆ. ಬೆನ್ನ ಮೇಲಿನ ಅಂಕಿಗಳು ಅರ್ಧ ಹೋದವು. ಆದರೆ ಒಳಗೆ ಇಪ್ಪತ್ತೂ ಭದ್ರವಾಗಿದ್ದವು. ನಾನು ಯಾರೆಂಬುದು ನನಗೆ ಮರೆಯಲಿಲ್ಲ.

ಅಷ್ಟರಲ್ಲಿ ನನ್ನ ಮೇಲೆ ಇನ್ನೊಂದು ಜವಾಬ್ದಾರಿ ಬಿತ್ತು. ಕಟ್ಟಡದ ಮಾಲೀಕ, ಮಾರುತ್ತೇನೆ, ಶ್ರಾವಣ ಮುಗಿಯುವುದರೊಳಗೆ ನೀವು ಕೊಂಡರೆ ಸರಿ, ಇಲ್ಲದಿದ್ದರೆ ಬೇರೆಯವರು ಕಾದಿದ್ದಾರೆ ಎಂದ. ಆರೂ ಹೆಂಗಸರು ವರ್ಷಗಳಿಂದ ಕೂಡಿಟ್ಟದ್ದನ್ನು ಒಂದೇ ಕಡೆ ಹಾಕಿದರು. ಖಾನಾವಳಿ ಶಿವಗಂಗವ್ವನ ಹೆಸರಲ್ಲಿದ್ದುದರಿಂದ ದುಡ್ಡೂ ಆಕೆಯ ಖಾತೆಗೇ ಹೋಯಿತು. ಬ್ಯಾಂಕಿನವರು ಖಾತೆಗೆ ನನ್ನನ್ನು ಜೋಡಿಸಿದರು. ಇನ್ನು ಮುಂದೆ ಆ ದುಡ್ಡು ಅಲುಗಬೇಕಾದರೆ ಬ್ಯಾಂಕು ನನ್ನ ಕಿವಿಯಲ್ಲಿ ಒಂದು ಗುಟ್ಟಿನ ಸಂಖ್ಯೆ ಹೇಳಬೇಕು. ಆರು ಜನರ ಬೆವರಿಗೆ ಉಗುರಿನಷ್ಟಿದ್ದ ನಾನು ಕಾವಲುಗಾರನಾದೆ. ನನಗೆ ಹೆದರಿಕೆಯೇ ಆಯಿತು.

ಹೆದರಿದ್ದಕ್ಕೆ ಕಾರಣವಿತ್ತು. ಕೆಲವು ದಿನಗಳ ಹಿಂದೆ ಯಾರೋ ಇಬ್ಬರು, ದುಡಿಯುವ ಹೆಂಗಸರಿಗೆ ಕಡಿಮೆ ಬಡ್ಡಿಯ ಸಾಲ ಕೊಡಿಸುತ್ತೇವೆ ಎಂದು ಫಾರ್ಮ್ ತುಂಬಿಸಿಕೊಂಡಿದ್ದರು. ಆಧಾರ್, ಪಾಸ್‌ಬುಕ್, ಎಟಿಎಂ ಕಾರ್ಡಿನ ಎರಡೂ ಮಗ್ಗುಲು, ಎಲ್ಲದರ ಝೆರಾಕ್ಸನ್ನು ಶಿವಗಂಗವ್ವ ಕೊಟ್ಟುಬಿಟ್ಟಿದ್ದಳು. ಅವರಿಗೆ ಸಿಗದೆ ಉಳಿದಿದ್ದವನು ನಾನೊಬ್ಬನೇ.

ಶ್ರಾವಣದ ಎರಡನೆಯ ಸೋಮವಾರ, ಮುಂಜಾನೆ ಒಂಬತ್ತು ಗಂಟೆಗೆ ಫೋನು ಬಂತು. ಬಹಳ ಸಭ್ಯ ಧ್ವನಿ.

"ಅಮ್ಮಾ, ಸಿಮ್ ಕಂಪನಿಯಿಂದ ಮಾತಾಡ್ತಿರೋದು. ನಿಮ್ಮದು ತುಂಬಾ ಹಳೇ ಸಿಮ್ಮು. ಫೋರ್‌ಜಿ ಮಾಡಿಸದಿದ್ರೆ ಸಂಜೆಗೆ ನಂಬರ್ ಬಂದ್ ಆಗುತ್ತೆ."

"ಅಯ್ಯ! ಬಂದ್ ಮಾಡಬ್ಯಾಡ್ರೀ. ಬೋರ್ಡಿನ ಮ್ಯಾಲೆ ಬರಸೇನ್ರೀ ಆ ನಂಬರ. ಊರಿಗೆಲ್ಲಾ ಅದ ಗೊತ್ತೈತಿ."

"ಗಾಬರಿ ಬೇಡಮ್ಮ. ಒಂದು ಮೆಸೇಜ್ ಕಳಿಸ್ತೀನಿ, ಅದನ್ನ ಹಾಗೇ ಕಂಪನಿ ನಂಬರಿಗೆ ಕಳಿಸಿ. ಆಮೇಲೆ ಕಂಪನಿ ಕೇಳಿದಾಗ 'ಒಂದು' ಒತ್ತಿ. ಒಂದೆರಡು ತಾಸು ಸಿಗ್ನಲ್ ಇರಲ್ಲ. ಸುಮ್ನೆ ಇಟ್ಬಿಡಿ."

ಮೆಸೇಜು ಬಂತು. ಅದರಲ್ಲಿ ಇಪ್ಪತ್ತು ಅಂಕಿಗಳಿದ್ದವು. ಓದಿದೆ. ಅವು ನನ್ನವಲ್ಲ! ಎಲ್ಲಿಯೋ ಯಾರದೋ ಕೈಯಲ್ಲಿದ್ದ ಇನ್ನೊಂದು ಸಿಮ್ಮಿನ ಗುರುತು ಅದು. 'ನನ್ನ ನಂಬರನ್ನು ಇವನಿಗೆ ಕೊಡಿ, ನನ್ನನ್ನು ತೆಗೆದುಹಾಕಿ' ಎಂಬುದು ಆ ಮೆಸೇಜಿನ ಅರ್ಥ. ಕೂಗಿ ಹೇಳೋಣವೆಂದರೆ ನನಗೆ ಬಾಯಿ ಎಲ್ಲಿದೆ? ನನ್ನ ನಂಬರಿನ ಮೇಲಿನ ಪ್ರೀತಿಗೇ ಆಕೆ ಆ ಮೆಸೇಜು ಕಳಿಸಿದಳು. ನನ್ನ ಸಾವಿನ ಕಾಗದವನ್ನು ನಾನೇ ಹೊತ್ತು ಮುಟ್ಟಿಸಿದೆ. ಆಮೇಲೆ ಆಕೆಯ ಹಿಟ್ಟಿನ ಬೆರಳು 'ಒಂದು' ಒತ್ತಿತು. ಕುರಿ ಕಟುಕನನ್ನೇ ನಂಬುತ್ತದೆ ಎನ್ನುತ್ತಾರಲ್ಲ, ಅದನ್ನು ಕಣ್ಣಾರೆ ಕಂಡೆ.

ಹತ್ತು ಗಂಟೆಯ ಹೊತ್ತಿಗೆ ನೆಟ್‌ವರ್ಕಿನ ಪಾಲಿಗೆ ನಾನು ಸತ್ತೆ. ಕಣ್ಣು, ಕಿವಿ ಮಾತ್ರ ಉಳಿದವು.

ಖಾನಾವಳಿ ಸುಮ್ಮನಾಯಿತು. ಬೇರೆ ದಿನವಾಗಿದ್ದರೆ ಅಷ್ಟು ಹೊತ್ತಿಗೆ ಗೋಡೆಯ ತುಂಬ ಗೆರೆ ಬೀಳಬೇಕು. ಒಂದೂ ಬೀಳಲಿಲ್ಲ.

"ಸಿಗ್ನಲ್ ಬರೂದು ತಡಾ ಅಂತ. ಆದ್ರ ಕಾಲ್ ಹತ್ತದಿದ್ರ ಮಂದಿನರ ಬಂದು ಹೇಳಬೇಕಲ್ಲ, ಹಿಂಗ್ಯಾಕ ಒಬ್ರೂ ಇಲ್ಲ?" ಎಂದಳು ಶಿವಗಂಗವ್ವ.

ಎಲ್ಲರಿಗಿಂತ ಹಿರಿಯಳಾದ ಫಕ್ಕೀರವ್ವ ಬಡಿಯುವುದನ್ನು ನಿಲ್ಲಿಸದೆ ಹೇಳಿದಳು: "ಶ್ರಾವಣ ಸೋಮಾರ ಐತಿ. ಊರಾಗ ಅರ್ಧಾ ಮಂದಿ ಒಪ್ಪತ್ತು. ಸಿಗ್ನಲ್ ಇದ್ರೂ ಎಷ್ಟ ಗೆರಿ ಬೀಳತಿದ್ವು, ಬಿಡು."

ಎಲ್ಲರೂ ಒಪ್ಪಿದರು. ಹಿಟ್ಟು ಕಡಿಮೆ ನಾದಿದರು. ದೇವರ ಹೆಸರಿನ ಉಪವಾಸ ಕಳ್ಳನಿಗೆ ಎರಡು ತಾಸು ದಾನ ಮಾಡಿತು. ನನಗೆ ಇಂದಿಗೂ ಅದನ್ನು ನೆನೆದರೆ ಸಂಕಟವಾಗುತ್ತದೆ.

ಹನ್ನೆರಡು ದಾಟಿತ್ತು. ಅಂದಾನಪ್ಪನವರು ಮಸಿ ಕೈಯಲ್ಲೇ ದುಸುದುಸು ಬಂದರು. ಕೋಪದಿಂದ ಮುಖ ಕೆಂಪಾಗಿತ್ತು.

"ಏನ್ರೀ ಅಕ್ಕಾರ, ಮಿಸ್ಡ್ ಕಾಲ್ ಎತ್ತೂದಂದ್ರ ಏನ್ರೀ? ಇಷ್ಟು ವರ್ಷದಾಗ ಒಂದ್ ಸಲಾನೂ ಎತ್ತಿಲ್ಲ ನೀವು."

"ನಾ ಯಾಕ್ರೀ ಎತ್ತಲಿ? ಮುಂಜಾನಿಂದ ಫೋನ್ ಬಾಯಿನ ಬಿಟ್ಟಿಲ್ಲ."

"ಹಂಗಾರ ಎತ್ತಿದಾಂವ ಯಾರು? ಯಾವನೋ ಗಂಡಸು. ಎಷ್ಟು ಜನ ಹಿಂಗ ರಿಂಗ್ ಕೊಡ್ತೀರಿ ಅಂತ ನನಗ ಒದರಿ ಇಟ್ಟ!"

ಶಿವಗಂಗವ್ವನ ಕೈಯಲ್ಲಿದ್ದ ಹಿಟ್ಟಿನ ಮುದ್ದೆ ಹಾಗೇ ನಿಂತಿತು. ಅಂದಾನಪ್ಪನವರ ಕರೆ ಹೋಗಿದೆ. ಅದು ತನಗೆ ಬಂದಿಲ್ಲ. ಅಂದರೆ ನಂಬರು ತನ್ನ ಹತ್ತಿರ ಇಲ್ಲ. ಲೆಕ್ಕ ಹಾಕಲು ಆಕೆಗೆ ಬಹಳ ಹೊತ್ತು ಬೇಕಾಗಲಿಲ್ಲ. ಕೈ ಕೂಡ ತೊಳೆಯದೆ, ಫೋನು ಹಿಡಿದು, ಚಪ್ಪಲಿ ಮರೆತು ಬ್ಯಾಂಕಿಗೆ ಓಡಿದಳು. ಅಂದಾನಪ್ಪನವರು ಹಿಂದೆ ಹಿಂದೆ.

ಬ್ಯಾಂಕಿನ ಕಿರಿಯ ಅಧಿಕಾರಿ ಹೆಣ್ಣುಮಗಳು ಫೋನು ನೋಡಿದಳು, ಕಂಪ್ಯೂಟರ್ ನೋಡಿದಳು, ಬಾಯಿ ಮೇಲೆ ಕೈಯಿಟ್ಟುಕೊಂಡಳು.

"ಅಮ್ಮಾರ, ನಿಮ್ಮ ನಂಬರ್ ಬ್ಯಾರೆ ಸಿಮ್ಮಿಗೆ ಹೋಗೇತ್ರಿ. ಗುಟ್ಟಿನ ಸಂಖ್ಯೆ ಎಲ್ಲಾ ಅವಂಗ ಹೊಂಟಾವು. ಈಗ ಖಾತೆ ಬಂದ್ ಮಾಡ್ತೀನಿ."

ಮಾಡಿದಳು. ಅಷ್ಟರಲ್ಲಿ ಎರಡು ಸಲ ದುಡ್ಡು ಹೋಗಿತ್ತು. ಮೂರನೆಯದು ಹೋಗುವುದರಲ್ಲಿತ್ತು. ಅರ್ಧ ಹೋಯಿತು, ಅರ್ಧ ಉಳಿಯಿತು. ಪೊಲೀಸರಿಗೆ ದೂರು, ಕಂಪನಿಗೆ ದೂರು, ಅರ್ಜಿಯ ಮೇಲೆ ಅರ್ಜಿ. ಹೋದದ್ದು ಮರಳಿ ಬರಲಿಲ್ಲ.

ಸಂಜೆ ಒಲೆಯ ಮುಂದೆ ಐದು ಹೆಂಗಸರನ್ನು ಕೂಡಿಸಿ ಶಿವಗಂಗವ್ವ ಎಲ್ಲವನ್ನೂ ಹೇಳಿದಳು. ಝೆರಾಕ್ಸು ಕೊಟ್ಟದ್ದನ್ನೂ ಮುಚ್ಚಿಡಲಿಲ್ಲ. "ತಪ್ಪು ನಂದ. ನಿಮ್ಮ ದುಡ್ಡು ನನ್ನ ಕೈಯಾಗ ಇತ್ತು," ಎಂದು ಅತ್ತಳು. ಆಕೆ ಅತ್ತದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ನೀಲವ್ವ ಎಂಬಾಕೆ ಉಳಿದದ್ದರಲ್ಲಿ ತನ್ನ ಪಾಲು ಕೇಳಿ ತೆಗೆದುಕೊಂಡು ಹೋದಳು, ಮತ್ತೆ ಬರಲಿಲ್ಲ. ಆಕೆಯನ್ನು ಬೈಯುವ ಹಕ್ಕು ಯಾರಿಗೂ ಇಲ್ಲ. ಫಕ್ಕೀರವ್ವ ಮಾತ್ರ ಶಿವಗಂಗವ್ವನ ರಟ್ಟೆ ಹಿಡಿದಳು.

"ಒಪ್ಪತ್ತು ಅಂತ ಹೇಳಿದಾಕಿ ನಾ. ನಿಂದಷ್ಟ ಅಲ್ಲ ತಪ್ಪು. ರೊಟ್ಟಿ ಹರದ್ರ ಹಿಟ್ಟು ಚೆಲ್ಲತೇವೇನ? ಮತ್ತ ನಾದತೇವಿ. ಏಳು."

ಉಳಿದ ದುಡ್ಡಿಗೆ ಕಟ್ಟಡ ಪೂರ್ತಿ ಸಿಗಲಿಲ್ಲ. ಹಿಂದಿನ ಒಲೆಯ ಕೋಣೆಯಷ್ಟೇ ಅವರದಾಯಿತು. ಜನ ಕೂತು ಉಣ್ಣುತ್ತಿದ್ದ ಮುಂದಿನ ಭಾಗದಲ್ಲಿ ಈಗ ಪಾತ್ರೆ ಅಂಗಡಿ ಇದೆ. ಖಾನಾವಳಿ ಹೋಗಿ ರೊಟ್ಟಿ ಕೇಂದ್ರವಾಯಿತು.

ಕಂಪನಿಯವರು ಶಿವಗಂಗವ್ವನ ಆಧಾರ್ ನೋಡಿ, ನನ್ನ ನಂಬರನ್ನು ಇನ್ನೊಂದು ಹೊಸ ಸಿಮ್ಮಿಗೆ ಹಾಕಿ ಕೊಟ್ಟರು. ಅವನು ರೊಟ್ಟಿಯ ಕರೆಗಳಿಗೆ ಮಾತ್ರ. ಬ್ಯಾಂಕಿಗೆಂದೇ ಫಕ್ಕೀರವ್ವನ ಟ್ರಂಕಿನಲ್ಲಿ ಒಂದು ಸಣ್ಣ ಗುಂಡಿ ಫೋನು ಇದೆ. ಅದರ ನಂಬರು ಯಾವ ಬೋರ್ಡಿನ ಮೇಲೂ ಇಲ್ಲ. ಖಾತೆ ಈಗ ಶಿವಗಂಗವ್ವ, ಫಕ್ಕೀರವ್ವ ಇಬ್ಬರ ಹೆಸರಲ್ಲೂ ಇದೆ, ಇಬ್ಬರ ಸಹಿ ಇಲ್ಲದೆ ದುಡ್ಡು ಅಲುಗುವುದಿಲ್ಲ. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂದು ನಗಬೇಡಿ. ಒಳಗೆ ಇನ್ನೂ ಅರ್ಧ ಉಳಿದಿದ್ದಾಗ ಹಾಕಿದ ಬಾಗಿಲು ಅದು. ಓಣಿಯ ಹೆಂಗಸರಿಗೆಲ್ಲ ಶಿವಗಂಗವ್ವ ಒಂದೇ ಮಾತು ಹೇಳುತ್ತಾಳೆ: "ಫೋನ್ ಸುಮ್ಮಸುಮ್ಮನ ಸತ್ತರ ಸಿಗ್ನಲ್ ಅಂತ ಕೂಡಬ್ಯಾಡ್ರವಾ. ಮೊದಲ ಬ್ಯಾಂಕಿಗೆ ಓಡ್ರಿ."

ನನ್ನನ್ನು ಆಕೆ ಎಸೆಯಲಿಲ್ಲ. ಒಲೆಯ ಪಕ್ಕದ ಗೋಡೆಯ ಗೂಡಿನಲ್ಲಿ, ಅರಿಶಿನ ಕೊಂಬಿನ ಡಬ್ಬಿಯಲ್ಲಿ ಇಟ್ಟಿದ್ದಾಳೆ. ಮೈಯೆಲ್ಲ ಹಳದಿಯಾಗಿದೆ. ಕಾವಲು ಕಾಯಲಾಗಲಿಲ್ಲ ಎಂಬ ನೋವು ನನಗಿದೆ, ಅದು ಹೋಗುವುದಿಲ್ಲ. ಆದರೆ ಆ ದಿನ ಅವರನ್ನು ಉಳಿಸಿದ್ದು ಯಾವ ಗುಟ್ಟಿನ ಸಂಖ್ಯೆಯೂ ಅಲ್ಲ, ಇಷ್ಟು ವರ್ಷ ಎತ್ತದೆ ಬಿಟ್ಟ ಕರೆಗಳು. ಕಳ್ಳನಿಗೆ ನನ್ನ ನಂಬರು ಸಿಕ್ಕಿತು. ಅದನ್ನು ಬಳಸುವ ರೀತಿ ಸಿಗಲಿಲ್ಲ.

ದಿನವೂ ಹನ್ನೊಂದು ಗಂಟೆಯೊಳಗೆ ಕಿವಿಗೊಟ್ಟು ಕಾಯುತ್ತೇನೆ. ಈಗ ತಾನೇ ಡಬ್ಬಿಯ ಹೊರಗೆ ಫೋನು ಒಂದು ಸಲ ಬಡಿದುಕೊಂಡು ನಿಂತಿತು. ಯಾರೂ ಎತ್ತಲಿಲ್ಲ. ಗೋಡೆಯ ಮೇಲೆ ಇದ್ದಿಲು ಸರ್ರೆಂದು ಎಳೆದ ಸದ್ದು ಕೇಳಿಸಿತು. ನಂಬರು ಆಕೆಯ ಹತ್ತಿರವೇ ಇದೆ.