ವಾಸುದೇವ್ ಅಂಕಲ್ ಮುಳುಗಿಸಿದ ಯುದ್ಧನೌಕೆ

ಇಂದಿರಾ ಆಂಟಿಯ ಮನೆಯ ದಸರಾ ಗೊಂಬೆ ನೋಡಲು ನ್ಯೂಜಿಲೆಂಡಿನ ಲೋವರ್ ಹಟ್‌ನ ಕನ್ನಡದವರೆಲ್ಲ ಬರುತ್ತಾರೆ. ೨೦೧೪ರಲ್ಲಿ ಅವರ ಗಂಡ ವಾಸುದೇವ್ ಅಂಕಲ್ ಗೊಂಬೆಯ ಮೆಟ್ಟಿಲುಗಳ ಕೆಳಗೆ ಪ್ಲಾಸ್ಟಿಕ್ ಟಬ್ ಇಟ್ಟು, ಹದಿನೆಂಟನೇ ಶತಮಾನದ ಯುದ್ಧನೌಕೆಯೊಂದರ ಮಾದರಿಯನ್ನು ತೇಲಿಬಿಟ್ಟಿದ್ದರು. ಹೆಸರು 'ವಿಜಿಲ್'. ಅಂಕಲ್ ನಿವೃತ್ತ ಎಂಜಿನಿಯರ್, ಹಳೆಯ ಹಡಗುಗಳ ಹುಚ್ಚು.

ಆ ಮನೆಯಲ್ಲಿ ನಾನು ಮಾತು ತೂಗಿ ಆಡಬೇಕಿತ್ತು. ಸೋಮವಾರದಿಂದ ವೆಲಿಂಗ್ಟನ್‌ನಲ್ಲಿ ನನ್ನ ಹೊಸ ಕೆಲಸ. ಶಾಲೆ ಬಿಟ್ಟ ಮೇಲೆ ಮಗಳು ತನುಶ್ರೀಯನ್ನು ನೋಡಿಕೊಳ್ಳಲು ಒಪ್ಪಿದ್ದವರು ಇಂದಿರಾ ಆಂಟಿ ಒಬ್ಬರೇ.

"ಇಪ್ಪತ್ತು ವರ್ಷ ಸಮುದ್ರ ಆಳಿದ ಹಡಗು ಕಣ್ರೋ," ಅಂಕಲ್ ಮಕ್ಕಳಿಗೆ ಹೇಳುತ್ತಿದ್ದರು. "ಫ್ರೆಂಚರನ್ನ ಅಟ್ಟಾಡಿಸಿತ್ತು. ದಂಗೆ ಎದ್ದ ಊರುಗಳನ್ನ ದಡದಿಂದಲೇ ಸುಟ್ಟಿತ್ತು. ಕೊನೆಗೆ ಕೈದಿಗಳನ್ನ ತುಂಬ್ಕೊಂಡು ಬರ್ತಾ ಬಂಡೆಗೆ ಬಡೀತು. ದೋಣಿ ಸಾಲದು. ಕ್ಯಾಪ್ಟನ್ ಏನ್ಮಾಡ್ದ ಗೊತ್ತಾ? ಕೈದಿಗಳಿದ್ದ ಕೆಳಗಿನ ಬಾಗಿಲಿಗೆ ಮೊಳೆ ಹೊಡೆಸ್ಬಿಟ್ಟ! ಶಿಸ್ತು ಅಂದ್ರೆ ಅದು."

ಹಡಗಿನ ಒಂದು ಪಕ್ಕಕ್ಕೆ ಗಾಜು. ಒಳಗೆ ಸುಡದ ಹಸಿಮಣ್ಣಿನ ಕೈದಿಗಳು. ಕೇದಾರ್ ಎಂಬ ಹುಡುಗ ಸ್ವಿಚ್ ಒತ್ತಿದ. ಪಂಪು ಗುರ್ರೆಂದು ನೀರು ನುಗ್ಗಿಸಿತು. ಹಡಗು ವಾಲಿ ಮುಳುಗಿತು. ಗಾಜಿನ ಹಿಂದೆ ಮೊದಲು ಮೂಗುಗಳು ಕರಗಿದವು, ಆಮೇಲೆ ಮುಖಗಳು. ಕೇದಾರ್ ಕಂದು ನೀರಿಗೆ ಬೆರಳದ್ದಿ, "ಯಕ್! ಗ್ರೇವಿ!" ಎಂದ. ದೊಡ್ಡವರು ನಕ್ಕು ಫೋಟೋ ತೆಗೆದರು. ನಾನು ಬಾಯಲ್ಲಿದ್ದ ಕಡಲೆ ಉಸಲಿಯನ್ನು ಕರವಸ್ತ್ರಕ್ಕೆ ಉಗಿದೆ.

ಅಂಕಲ್ ನೀರು ಬಸಿದು, ಮತ್ತಷ್ಟು ಕೈದಿಗಳನ್ನು ಒಳಗೆ ಕೂರಿಸಿದರು. "ತನು ಪುಟ್ಟಿ, ಈಗ ನಿನ್ನ ಚಾನ್ಸು."

"ಅಮ್ಮಾ, ದೇ ಆರ್ ಸ್ಟಿಲ್ ಇನ್‌ಸೈಡ್. ಐ ಡೋಂಟ್ ವಾಂಟ್ ಟು."

"ಅಯ್ಯೋ ಅಳುಬುರುಕಿ, ಮಣ್ಣು ಕಣೇ ಅದು!" ಅಂಕಲ್ ಅವಳ ಬೆರಳು ಹಿಡಿದು ಸ್ವಿಚ್ಚಿನ ಮೇಲಿಟ್ಟರು. ಅವಳು ಕೈ ಎಳೆದುಕೊಳ್ಳಲು ನೋಡಿದಳು, ಅವರು ಬಿಡಲಿಲ್ಲ.

ನಾನು ಬಗ್ಗಿ ಹಡಗಿನ ಮುಚ್ಚಳ ಕಿತ್ತೆ. ಕೈದಿಗಳನ್ನು ಒಬ್ಬೊಬ್ಬರಾಗಿ ಎತ್ತಿ ಅಂಗೈಯಲ್ಲಿಟ್ಟುಕೊಂಡೆ.

ಗೊಂಬೆಯ ಮುಂದೆ ದೇವರನಾಮ ಹಾಡುತ್ತಿದ್ದ ಹೆಂಗಸರು ಹಾಡು ನಿಲ್ಲಿಸಿದರು. ಕೂರಿಸಿದ ಗೊಂಬೆಯನ್ನು ವಿಜಯದಶಮಿಯ ತನಕ ಮನೆಯೊಡತಿಯೂ ಕದಲಿಸುವುದಿಲ್ಲ.

"ಸ್ಮೃತಿ! ಹಬ್ಬದ ದಿನ ನಮ್ಮನೆಗೆ ಕೇಡು ಬಯಸ್ತೀಯೇನೇ?" ಎಂದರು ಇಂದಿರಾ ಆಂಟಿ.

"ಕರಗಿಸ್ಬಹುದು, ಎತ್ಬಾರ್ದಾ ಆಂಟಿ?"

"ಓದ್ದೋಳು ನೀನು. ಹಿಸ್ಟರಿ ಕಣಮ್ಮ ಇದು," ಎಂದರು ಅಂಕಲ್.

"ಮಗು ಬೇಡ ಅಂತು, ಅಂಕಲ್. ನೀವು ಕೈ ಬಿಡ್ಲಿಲ್ಲ."

ಅವರು ನನ್ನ ಅಂಗೈಯಿಂದ ಗೊಂಬೆಗಳನ್ನು ವಾಪಸ್ ತೆಗೆದುಕೊಂಡರು. ಒಂದರ ಕತ್ತು ಸೊಟ್ಟಗಾಗಿತ್ತು. ಹೆಬ್ಬೆರಳಿನಿಂದ ಒತ್ತಿ ಸರಿಮಾಡಿದರು.

ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸಬಾರದಲ್ಲ. ಇಂದಿರಾ ಆಂಟಿ ಅರಿಶಿನ ಕುಂಕುಮ, ಎಲೆ ಅಡಿಕೆ ಕೊಟ್ಟರು. "ಸೋಮವಾರದಿಂದ ನಮಗಾಗಲ್ಲಮ್ಮ," ಎಂದರು, ಕುಂಕುಮದ ಬಟ್ಟಲನ್ನೇ ನೋಡುತ್ತ.

ತನುಗೆ ಶೂ ಹಾಕಿಸುತ್ತಿದ್ದಾಗ ಒಳಗೆ ಪಂಪು ಮತ್ತೆ ಗುರ್ರೆಂದಿತು. ಚಪ್ಪಾಳೆ ಕೇಳುವ ಮೊದಲೇ ಅವಳನ್ನು ಎತ್ತಿಕೊಂಡು ಬೀದಿಗಿಳಿದೆ.