ಬೀಗದಪ್ಪನ ಬಾಗಿಲು

ಬೀಗದಪ್ಪ ಯಾರ ಮುಖವನ್ನೂ ಮೊದಲು ನೋಡುತ್ತಿರಲಿಲ್ಲ. ಮೊದಲು ಅವರ ಬಾಗಿಲನ್ನು ನೋಡುತ್ತಿದ್ದ. ಹೊಸ್ತಿಲಲ್ಲಿ ನಿಂತು, ಕತ್ತನ್ನು ತುಸು ಓರೆ ಮಾಡಿ, ಚಿಲಕದಿಂದ ಚೌಕಟ್ಟಿನವರೆಗೆ ಕಣ್ಣಾಡಿಸಿ, ಎಲ್ಲೋ ಸಡಿಲಗೊಂಡ ಒಂದು ಸ್ಕ್ರೂವನ್ನು ಮನಸ್ಸಿನಲ್ಲೇ ಬಿಗಿಗೊಳಿಸಿದ ಮೇಲಷ್ಟೇ ಒಳಗಿರುವ ಮನುಷ್ಯರ ಕಡೆ ತಿರುಗುತ್ತಿದ್ದ. ಮಕ್ಕಳ ರಕ್ಷಣಾ ಕಚೇರಿಗೆ ಮೊದಲ ಸಲ ಬಂದಾಗಲೂ ಹಾಗೆಯೇ ಮಾಡಿದ. ಅವನ ಏಳು ವರ್ಷದ ಮಗಳನ್ನು ಹಿಂದಿನ ದಿನವಷ್ಟೇ ನಾವು ಕರೆದೊಯ್ದಿದ್ದೆವು. ಬೇರೆ ಯಾರಾಗಿದ್ದರೂ ಕಚೇರಿಯ ಸೂರು ಹಾರಿಹೋಗುವಂತೆ ಕೂಗಾಡುತ್ತಿದ್ದರು. ಅವನು ನಮ್ಮ ಬಾಗಿಲನ್ನು ದಿಟ್ಟಿಸಿ, "ಮೇಲಿನ ಸ್ಕ್ರೂ ಬಿಟ್ಕೊಂಡಿದೆ ಮೇಡಂ, ಒಂದಿನ ಯಾರ ಮೇಲಾದ್ರೂ ಬೀಳತ್ತೆ" ಎಂದ. ಆಮೇಲೆ, "ನನ್ ಮಗಳು ಊಟ ಮಾಡಿದ್ಳಾ?" ಎಂದ.

ಮನೆಗಳನ್ನು ತನಿಖೆ ಮಾಡಿ ವರದಿ ಬರೆಯುವುದು ಆ ಕಚೇರಿಯಲ್ಲಿ ನನ್ನ ಕೆಲಸವಾಗಿತ್ತು. ಅವನದು ಬೀದಿಯ ತಿರುವಿನಲ್ಲಿ ಒಬ್ಬ ಕೂರುವಷ್ಟೇ ಜಾಗದ ಬೀಗ ರಿಪೇರಿಯ ಪೆಟ್ಟಿಗೆ ಅಂಗಡಿ. ವರ್ಷಾನುಗಟ್ಟಲೆ ಅರ, ಸುತ್ತಿಗೆಗಳ ಚೀಲವನ್ನು ಬಲಹೆಗಲಿಗೆ ಹಾಕಿಕೊಂಡೇ ತಿರುಗಿ, ಚೀಲವಿಲ್ಲದ ದಿನವೂ ಅವನು ಒಂದು ಬದಿಗೆ ವಾಲಿಕೊಂಡೇ ನಡೆಯುತ್ತಿದ್ದ. ವಿಚಾರಣೆಯ ದಿನ ಮಾತ್ರ ಮದುವೆಗೆ ಹೊಲಿಸಿದ ಕಂದು ಕೋಟು ತೊಟ್ಟು ಬರುತ್ತಿದ್ದ. ಬೀಗದ ಕೈಗಳ ಭಾರಕ್ಕೆ ಅದರ ಜೇಬು ತೂತಾಗಿ, ನಾವು ಕೊಟ್ಟ ನೋಟಿಸುಗಳೆಲ್ಲ ಅಸ್ತರಿನೊಳಕ್ಕೆ ಇಳಿದುಹೋಗಿರುತ್ತಿದ್ದವು; ಕರೆದಾಗ ಅವನು ಬಾಗಿದ ತಂತಿಯೊಂದನ್ನು ಒಳಗೆ ತೂರಿಸಿ ಒಂದೊಂದನ್ನೇ ಗಾಳ ಹಾಕಿದಂತೆ ಮೇಲೆತ್ತುತ್ತಿದ್ದ. ಪ್ರತಿ ಮಾತಿನ ಕೊನೆಗೂ "ಹೌದೋ ಅಲ್ವೋ, ನೀವೇ ಹೇಳಿ" ಎನ್ನುವುದು ಅವನ ಅಭ್ಯಾಸ. ತನ್ನ ಹೆಸರು ಹೇಳಿದರೂ ಅದನ್ನು ಸೇರಿಸುತ್ತಿದ್ದ ಎಂದು ನಮ್ಮ ಗುಮಾಸ್ತರು ನಗುತ್ತಿದ್ದರು. ಬೀಗದಪ್ಪ ಎಂದು ಹೆಸರಿಟ್ಟವರೂ ಅವರೇ.

ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಅಪ್ಪ, ಮಗಳು ಇಬ್ಬರೇ. ಮಧ್ಯಾಹ್ನ ಶಾಲೆ ಬಿಟ್ಟೊಡನೆ ಮಗುವಿಗೆ ಉಣಿಸಿ, ತಮ್ಮ ಮನೆಯಾದ ಮಹಡಿಯ ಒಂಟಿ ಕೋಣೆಯಲ್ಲಿ ಬಿಟ್ಟು, ಹೊರಗಿನಿಂದ ಬೀಗ ಜಡಿದು ಅಂಗಡಿಗೆ ಹೋಗುತ್ತಿದ್ದ. ಅದು ಪೇಟೆಯ ಬೀಗವಲ್ಲ. ಮಗಳಿಗೆಂದೇ ತಿಂಗಳುಗಟ್ಟಲೆ ಅರ ಉಜ್ಜಿ ಮಾಡಿದ, ಊರಿನಲ್ಲಿ ಇನ್ನೊಬ್ಬರು ತೆರೆಯಲಾರದ ಬೀಗ. ಲೋಕದ ಅನಿಷ್ಟವೆಲ್ಲ ಹೊರಗಿನಿಂದಲೇ ಬರುತ್ತದೆಂದು ನಂಬಿದ್ದವನಿಗೆ ವಾತ್ಸಲ್ಯವೆಂದರೆ ಅದೇ. ಒಂದು ಮಧ್ಯಾಹ್ನ ಕೆಳಮನೆಯ ಅಡುಗೆಕೋಣೆಗೆ ಬೆಂಕಿ ಹತ್ತಿ ಹೊಗೆ ಮೇಲೇರಿತು. ಒಳಗೆ ಮಗು ಚೀರುತ್ತಿದೆ, ಹೊರಗೆ ಹತ್ತಾರು ಜನ ಸುತ್ತಿಗೆಯಿಂದ ಬಡಿಯುತ್ತಿದ್ದಾರೆ, ಬೀಗ ಮಾತ್ರ ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಅವನು ಓಡಿಬಂದು ತೆಗೆಯುವಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು. ಮಗುವಿನ ಕೂದಲೂ ಕೊಂಕಿರಲಿಲ್ಲ. ಆದರೆ ನೆರೆಯವರು ನಮಗೆ ಫೋನು ಮಾಡಿದ್ದರು. ಆ ದಿನ ಮಗುವನ್ನು ಆಶ್ರಯಧಾಮಕ್ಕೆ ಸೇರಿಸಿದ್ದು ತಪ್ಪೆಂದು ನಾನು ಇಂದಿಗೂ ಹೇಳಲಾರೆ. ನನ್ನನ್ನು ಕೊರೆಯುವುದು ಆಮೇಲಿನದು.

ಮಗಳನ್ನು ಹಿಂದಿರುಗಿಸಿ ಎಂದು ಅವನು ತಕರಾರು ಅರ್ಜಿ ಹಾಕಿದ. ಮೂವರು ಸದಸ್ಯರ ಸಮಿತಿ ಹದಿನೈದು ದಿನಕ್ಕೊಮ್ಮೆ ಕೂತು ವಿಚಾರಿಸುತ್ತಿತ್ತು. ಒಮ್ಮೆ ಅವನ ಕಡತವಿದ್ದ ಕಬ್ಬಿಣದ ಬೀರುವೇ ಕಚ್ಚಿಕೊಂಡು ಕೂತಿತು, ಕಡತವಿಲ್ಲದೆ ವಿಚಾರಣೆಯಿಲ್ಲ. ಅಧ್ಯಕ್ಷರು ಮುಂದೂಡಲು ಹೊರಟಾಗ ಅವನು ಸಂಕೋಚದಿಂದ ಎದ್ದು, ಕೋಟಿನ ಆ ತಂತಿಯನ್ನೇ ತೂರಿಸಿ, ಕಿವಿಯಿಟ್ಟು ಎರಡು ಸಲ ತಿರುಗಿಸಿದ. ಬೀರು ತೆರೆಯಿತು. ತೆರೆದ ಕೂಡಲೇ ಅವನು ಗೋಡೆಯ ಕಡೆ ಮುಖ ತಿರುಗಿಸಿ ನಿಂತುಬಿಟ್ಟ. ಯಾಕೆಂದು ಕೇಳಿದೆ. "ಒಳಗಡೆ ನನ್ ಫೈಲಿದೆಯಲ್ಲ ಮೇಡಂ. ಅದನ್ನ ನಾನು ನೋಡ್ಬಾರ್ದು. ಹೌದೋ ಅಲ್ವೋ, ನೀವೇ ಹೇಳಿ." ತನ್ನ ವಿರುದ್ಧವೇ ಬರೆದ ಕಾಗದಗಳನ್ನು ಸ್ವತಃ ಬಿಡಿಸಿಕೊಟ್ಟು ಗೋಡೆ ನೋಡುತ್ತ ನಿಂತ ಆ ಮನುಷ್ಯನನ್ನು ಕಂಡು ಅಂದು ನಾವೆಲ್ಲ ನಕ್ಕೆವು.

ಮೊದಲ ತನಿಖೆಗೆ ಹೋದಾಗ ಬಾಗಿಲಲ್ಲಿ ಆ ಬೀಗ ಇನ್ನೂ ನೇತಾಡುತ್ತಿತ್ತು. ಮೆಟ್ಟಿಲಿಳಿಯುತ್ತ, ತಿರುಗಿಯೂ ನೋಡದೆ ನಾನು ಹೇಳಿದೆ: "ಮುಂದಿನ ಸಲ ಬಂದಾಗ ಬೀಗ ಗೀಗ ಏನೂ ನನ್ ಕಣ್ಣಿಗೆ ಬೀಳಬಾರ್ದು ನೋಡಿ."

ತಿಂಗಳ ನಂತರ ಹೋದೆ. ಬೆರಳು ಸೋಕಿದೊಡನೆ ಬಾಗಿಲು ತೆರೆದುಕೊಂಡಿತು. ಬೀಗವಷ್ಟೇ ಅಲ್ಲ, ಹೊರಗಿನ ಚಿಲಕ, ಒಳಗಿನ ಅಗುಳಿ, ಒಂದನ್ನೂ ಬಿಡದೆ ಕಿತ್ತಿದ್ದ. ಸ್ಕ್ರೂ ಇದ್ದ ತೂತುಗಳಿಗೆ ಮರದ ಹುಡಿ, ಅಂಟು ತುಂಬಿ, ಉಜ್ಜಿ ಪಾಲಿಶ್ ಕೊಟ್ಟಿದ್ದ. "ಎಲ್ಲಿತ್ತು ಅಂತಾನೂ ಗೊತ್ತಾಗಲ್ಲ, ಹೌದೋ ಅಲ್ವೋ, ನೀವೇ ಹೇಳಿ" ಎಂದು ಬಾಗಿಲ ಪಕ್ಕ ಸಂಭ್ರಮದಿಂದ ನಿಂತಿದ್ದ.

"ರಾತ್ರಿ ಏನ್ಮಾಡ್ತೀರಿ?"

"ಬಾಗಿಲಿಗೆ ಅಡ್ಡ ಮಲಗ್ತೀನಿ. ನನ್ನ ದಾಟ್ಕೊಂಡು ಯಾರು ಬರ್ತಾರೆ ಮೇಡಂ?"

ಅಂಗಡಿಗೂ ಕರೆದೊಯ್ದು ತೋರಿಸಿದ. ಮಧ್ಯಾಹ್ನ ಮಗಳು ತನ್ನ ಪಕ್ಕದಲ್ಲೇ ಕೂತು ಬರೆಯಲೆಂದು ಹಲಗೆಯೊಂದನ್ನು ಸೇರಿಸಿ ಜಾಗ ಅಗಲ ಮಾಡಿದ್ದ. ಅಂದರೆ, ಆಗಬೇಕಾದದ್ದೆಲ್ಲ ಆಗಿತ್ತು. ವರದಿಯ ನಮೂನೆಯಲ್ಲಿ ಪ್ರಶ್ನೆಯೊಂದಿತ್ತು: ಹೊರಬಾಗಿಲಿಗೆ ಚಿಲಕ, ಬೀಗದ ಭದ್ರತೆ ಇದೆಯೇ? ಇಲ್ಲ ಎಂದು ಬರೆದೆ. ಕೆಳಗೆ ಷರಾ ಬರೆಯಲು ಎರಡು ಸಾಲು ಜಾಗವಿತ್ತು. ನನಗೆ ಅಂದು ಇನ್ನೂ ಮೂರು ಮನೆ ನೋಡುವುದಿತ್ತು, ಖಾಲಿ ಬಿಟ್ಟೆ.

ವಿಚಾರಣೆಯಲ್ಲಿ ಅಧ್ಯಕ್ಷರು ಕನ್ನಡಕ ಏರಿಸಿ ಓದಿದರು. "ಹೆಣ್ಣುಮಗು. ಚಿಲಕಾನೂ ಇಲ್ಲದ ಮನೆ. ಹೇಗ್ರೀ ಕಳಿಸೋದು?" ಬೀಗದಪ್ಪ ನನ್ನ ಕಡೆ ನೋಡಿದ. ಕೋಪವಿರಲಿಲ್ಲ. "ಮೇಡಂ ತೆಗೀರಿ ಅಂದಿದ್ರು..." ಎಂದು ಶುರುಮಾಡಿ, ಅರ್ಧಕ್ಕೇ ನುಂಗಿಕೊಂಡು, "ಇವತ್ತೇ ಹಾಕ್ಬಿಡ್ತೀನಿ ಸಾರ್" ಎಂದ. ನಾನು ಎದ್ದು ನಿಂತು ಒಂದು ಮಾತು ಹೇಳಬಹುದಿತ್ತು. ಕಾಗದ ಜೋಡಿಸುತ್ತ ಕೂತೆ. ಮರುತನಿಖೆಗೆ ಆದೇಶವಾಯಿತು, ಅಷ್ಟರಲ್ಲಿ ಸಮಿತಿಯ ಅವಧಿ ಮುಗಿದು, ಹೊಸ ಸಮಿತಿ ಬರಲು ಒಂಬತ್ತು ತಿಂಗಳು ಹಿಡಿಯಿತು. ಆ ಒಂಬತ್ತು ತಿಂಗಳೂ ಅವನು ವಿಚಾರಣೆ ಇಲ್ಲದಿದ್ದರೂ ಪ್ರತಿ ವಾರ ಕೋಟು ತೊಟ್ಟು ಬಂದು ಕೇಳಿ ಹೋಗುತ್ತಿದ್ದ. "ಹೌದೋ ಅಲ್ವೋ, ನೀವೇ ಹೇಳಿ" ಎನ್ನುವುದನ್ನು ಮಾತ್ರ ನಿಲ್ಲಿಸಿಬಿಟ್ಟಿದ್ದ.

ಕೊನೆಗೆ ಗೆದ್ದ. ಮಗುವನ್ನು ನಾನೇ ಕರೆದುಕೊಂಡು ಹೋದೆ. ಒಳಗಡೆ ಹೊಸ ಚಿಲಕ ಹಾಕಿದ್ದ, ಮಗಳೇ ತೆರೆಯಬಹುದಾದ ಎತ್ತರದಲ್ಲಿ. ಬಾಗಿಲು ಅಗಲವಾಗಿ ತೆರೆದಿತ್ತು. ಮಗು ಹೊಸ್ತಿಲ ಹೊರಗೇ ನಿಂತು, ಚಪ್ಪಲಿಗಳನ್ನು ಒಂದಕ್ಕೊಂದು ತಾಗಿಸಿ ಜೋಡಿಸಿಟ್ಟು, ಕೈಕಟ್ಟಿ, ಆಶ್ರಯಧಾಮದಲ್ಲಿ ಕಲಿಸಿದ್ದಂತೆ ಕೇಳಿತು: "ಒಳಗೆ ಬರ್ಲಾ ಸಾರ್?"

ಅವನು ಹೊರಗೆ ಬಂದು ಆ ಚಪ್ಪಲಿಗಳನ್ನೆತ್ತಿ ಒಳಗಿಟ್ಟ. "ಬಾರೇ ಅಮ್ಮಾ, ನಿನ್ ಮನೇನೇ ಕಣೇ" ಎಂದ. ನಾನು ಮೆಟ್ಟಿಲಿಳಿದುಬಿಟ್ಟೆ.

ಮಕ್ಕಳಿಗಾಗಿ ನಮ್ಮೊಡನೆ ಗುದ್ದಾಡಿದ ತಂದೆತಾಯಿಗಳನ್ನೆಲ್ಲ ಕಡತದಲ್ಲಿ ತಕರಾರುದಾರರು ಎಂದೇ ಬರೆಯುತ್ತಿದ್ದೆವು. ಕೂಗಾಡುವವರಿಗೆ ನಾವು ಹೆದರುತ್ತಿದ್ದೆವು, ವಕೀಲರನ್ನು ಕರೆತಂದವರಿಗೆ ಕುರ್ಚಿ ಹಾಕುತ್ತಿದ್ದೆವು. ಬೀಗದಪ್ಪನ ಜಾತಿಯ ತಕರಾರುದಾರರು ಬೇರೆ. ಅವರು ನಮ್ಮನ್ನು ನಂಬುತ್ತಾರೆ. ಮೆಟ್ಟಿಲಿಳಿಯುತ್ತ ಬಿಸಾಡಿದ ಮಾತನ್ನೂ ಆಯ್ದುಕೊಂಡು, ಚಾಚೂ ತಪ್ಪದೆ ನಡೆಸಿ, ಆ ವಿಧೇಯತೆಯಿಂದಲೇ ಸೋಲುತ್ತಾರೆ. ಸೋತ ಮೇಲೂ ನಮ್ಮ ಹೆಸರು ಹೇಳುವುದಿಲ್ಲ. ಅಂಥವರ ಪರವಾಗಿ ನಾವೇ ಮಾತಾಡಬೇಕಿತ್ತು, ಆ ಕೋಣೆಯಲ್ಲಿ ಅವರಿಗೆ ನಮ್ಮ ಹೊರತು ಯಾರೂ ಇರಲಿಲ್ಲ. ನಾನು ಈಗ ಇಲ್ಲಿ ಬರೆದಿರುವುದೆಲ್ಲ ಅಂದು ಆ ಎರಡು ಸಾಲಿನಲ್ಲಿ ಬರೆಯಬೇಕಾಗಿದ್ದದ್ದು.