ಕೊಡೆ ಕಾರ್ಖಾನೆಯ ಖಾಲಿ ಕುರ್ಚಿ

ಈ ಕಥೆಯಲ್ಲಿ ಒಂದು ಕುರ್ಚಿ ಮಾತಾಡುತ್ತದೆ. ಹಾಗಿದ್ದೂ ಇದು ನಡೆದದ್ದೇ, ಆ ಕುರ್ಚಿಯಾಣೆ.

ನಮ್ಮದು ಕೊಡೆ ಕಾರ್ಖಾನೆ. ಹಳೇ ಯಜಮಾನರಿದ್ದಾಗ ಹೆಸರಿಗೆ ತಕ್ಕ ಹಾಗೇ ನಡೆಯುತ್ತಿತ್ತು: ರಜೆ ಕೇಳಿದರೆ ಕೊಡೆ, ಫ್ಯಾನು ಕೇಳಿದರೆ ಕೊಡೆ. ಕೊಡುತ್ತಿದ್ದದ್ದು ಬೈಗುಳ ಮಾತ್ರ, ಅದೂ ಧಾರಾಳವಾಗಿ. "ಯಾವನೋ ಅವನು?" ಎಂದು ಅವರು ಗುಡುಗಿದರೆ ಸಾಕು, ನಾವು ತಪ್ಪನ್ನು ಪಕ್ಕದವನ ತಲೆಗೆ ಕಟ್ಟಿ ತಲೆ ತಗ್ಗಿಸುತ್ತಿದ್ದೆವು.

ಅವರು ತೀರಿಕೊಂಡ ಮೇಲೆ ಮಗಳು ಬಂದರು. ದೇವರನ್ನು ನಂಬುವವರು, ಆದರೆ ನಮಗೆ ಉಪದೇಶ ಕುಟ್ಟುವವರಲ್ಲ. ಬೆಳಗ್ಗೆ ಎಲ್ಲರೂ ಕತ್ತರಿಸುವ ಮೇಜಿನ ಸುತ್ತ ನಿಲ್ಲಬೇಕು, ಪಕ್ಕದಲ್ಲಿ ಒಂದು ಕುರ್ಚಿ ಖಾಲಿ ಬಿಡಬೇಕು. ಮೇಡಂ ಕಣ್ಣು ಮುಚ್ಚಿ, ಬರೀ ತುಟಿ ಅಲ್ಲಾಡಿಸಿ ಏನೋ ಬೇಡಿಕೊಂಡು, ಆಮೇಲೆ ಕೇಳುತ್ತಿದ್ದರು: "ನಿನ್ನೆ ಏನಾದ್ರೂ ಕೆಟ್ಟಿದ್ಯಾ? ಹೇಳಿ. ಹೇಳಿದವರನ್ನ ಬೈಯಲ್ಲ. ದೇವರ ಮುಂದೆ ಕೊಟ್ಟ ಮಾತಿದು."

ನಾವೆಲ್ಲ ಸೀಲಿಂಗ್ ನೋಡುತ್ತಿದ್ದೆವು.

ಆ ಕುರ್ಚಿ ಯಾರಿಗೆ? ಮೇಡಂ ಬೇಡುವುದೇನು? ಇವೆರಡೇ ನಮ್ಮ ಊಟದ ಹೊತ್ತಿನ ಸಂಶೋಧನೆ.

"ದೇವರಿಗೇ ಕಣ್ರೋ," ಅಂದಳು ಗುಂಡಿ ಹಚ್ಚುವ ಅಕ್ಕ.

"ದೇವ್ರಿಗೆ ಕಾಲು ಕುಂಟೋ ಕುರ್ಚಿನಾ? ಪಾಪ!" ಅಂದ ಪ್ಯಾಕಿಂಗಿನ ರೇಡಿಯೋ. ಯಾರ ದನಿಯನ್ನಾದರೂ ತನ್ನ ಗಂಟಲಲ್ಲಿ ಬಾಡಿಗೆಗೆ ಇಟ್ಟುಕೊಳ್ಳುವವನು. ಅದಕ್ಕೇ ಆ ಹೆಸರು. "ಅದು ಅವ್ರಪ್ಪನಿಗೆ. ಪರೀಕ್ಷೆ ಮಾಡೇಬಿಡೋಣ."

ಪರೀಕ್ಷೆ ಏನೆಂದರೆ, ಕುರ್ಚಿಯ ಅಡಿಗೆ ಅಂಗೈಯಗಲದ ಸ್ಪೀಕರ್ ಅಂಟಿಸುವುದು. ರೇಡಿಯೋ ಪ್ಯಾಕಿಂಗ್ ಕೋಣೆಯಲ್ಲಿ ಕೂತು ಫೋನಿನಲ್ಲಿ ಹಳೇ ಯಜಮಾನರಾಗುವುದು. ಮೇಡಂ ಬೆಚ್ಚಿಬೀಳುವುದನ್ನು ನಾವು ನೋಡುವುದು.

ಆ ಹೊತ್ತಿಗೆ, ಈ ಮಾತೊಂದನ್ನೂ ಕಿವಿಗೆ ಹಾಕಿಕೊಳ್ಳದೆ ದೂರ ಕೂತಿದ್ದ, ಬಟ್ಟೆ ಕತ್ತರಿಸುವ ಕತ್ತರಿಯಣ್ಣನ ಊಟದ ಡಬ್ಬಿ ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು. ಯಾಕೆಂದು ಕೇಳಿದ್ದಕ್ಕೆ ನನ್ನನ್ನು ಮೇಜಿನ ಬಳಿ ಕರೆದೊಯ್ದ. ಕೊಡೆಯ ಬಟ್ಟೆಯನ್ನು ಪದರದ ಮೇಲೆ ಪದರ ಪೇರಿಸಿ, ಮೇಲೆ ಅಳತೆಯ ಅಚ್ಚಿಟ್ಟು, ಒಂದೇ ಸಲಕ್ಕೆ ಕತ್ತರಿಸುತ್ತಾರೆ; ಮೇಲಾದ ತಪ್ಪು ತಳದವರೆಗೂ ಇಳಿಯುತ್ತದೆ. ಅಚ್ಚು ಜಾರಿ ಇಡೀ ರಾಶಿ ಒಂದು ಬೆರಳು ಗಿಡ್ಡವಾಗಿತ್ತು.

"ಹೊಲಿದ್ರೆ ಕೊಡೆ ಪೂರ್ತಿ ಬಿಚ್ಕೊಳ್ಳಲ್ಲ ಕಣೋ. ನಾಳೆ ಬೆಳಗ್ಗೆ ಹೊಲಿಗೆಯವ್ರು ಇದನ್ನೇ ಎತ್ಕೊಂಡು ಹೋಗ್ತಾರೆ."

"ಮೇಡಂಗೆ ಹೇಳ್ಬಿಡು. ಬೈಯಲ್ಲ ಅಂದಿದ್ದಾರಲ್ಲ."

"ಬೈಯಲ್ಲ ಅಂದಿದ್ದಾರೆ. ಮನೆಗೆ ಕಳಿಸಲ್ಲ ಅಂದಿದ್ದಾರಾ? ಈ ವಯಸ್ಸಲ್ಲಿ ನನ್ನ ಕೈಗೆ ಇನ್ಯಾರು ಕತ್ತರಿ ಕೊಡ್ತಾರೆ?"



ಮರುದಿನ ಮೇಜಿನ ಸುತ್ತ ನಿಂತೆವು. ಮೇಡಂ ಕಣ್ಣು ಮುಚ್ಚಿದರು, ತೆರೆದರು, ಕೇಳಿದರು. ನಾವು ಸೀಲಿಂಗ್ ನೋಡಿದೆವು. ಕತ್ತರಿಯಣ್ಣ ನೆಲ ನೋಡಿದ. ಆಗ ಖಾಲಿ ಕುರ್ಚಿ ಕೆಮ್ಮಿತು. ಕೆಮ್ಮಿ, ಗುಡುಗಿತು:

"ಯಾವನೋ ಅವನು?"

ಮೇಡಂ ಬಿಳಿಚಿಕೊಂಡರು. ಆದರೆ ಮುಂದಕ್ಕೆ ನೆಗೆದದ್ದು ಕತ್ತರಿಯಣ್ಣ. ಕುರ್ಚಿಗೆ ಕೈಮುಗಿದು, "ನಾನೇ ಧಣಿ! ಅಚ್ಚು ಜಾರ್ತು ಧಣಿ! ಇಡೀ ರಾಶಿ ಒಂದು ಬೆರಳು ಗಿಡ್ಡ ಧಣಿ!" ಅಂದುಬಿಟ್ಟ.

ಅಂದ ಮೇಲೆ ಅವನಿಗೆ ಎಚ್ಚರವಾಯಿತು. ಧಣಿ ಇಲ್ಲ, ಇರುವುದು ಮಗಳು, ಆಕೆ ಎಲ್ಲ ಕೇಳಿಸಿಕೊಂಡಾಯಿತು. ಇದೊಂದೂ ತಿಳಿಯದ ರೇಡಿಯೋ ಮಾತ್ರ ಕುರ್ಚಿಯಡಿಯಿಂದ, "ಕೊಡೆ! ಅರ್ಧ ದಿನಾನೂ ರಜೆ ಕೊಡೆ!" ಎಂದು ಮುಂದುವರಿಸುತ್ತಲೇ ಇದ್ದ.

ಮೇಡಂ ಬಗ್ಗಿ ಸ್ಪೀಕರನ್ನು ಕಿತ್ತು ಬಾಯಿ ಮುಚ್ಚಿಸಿದರು. ಕುರ್ಚಿಯನ್ನು ಕತ್ತರಿಯಣ್ಣನ ಬಳಿ ಎಳೆದರು.

"ಕೂತ್ಕೊಳ್ಳಿ ಅಣ್ಣ. ಇದನ್ನ ಇಟ್ಟಿದ್ದೇ ಇದಕ್ಕೆ. ತಪ್ಪು ಹೇಳೋರಿಗೆ ಕಾಲು ನಡುಗುತ್ತೆ, ನಿಲ್ಲಿಸಿ ಕೇಳಬಾರದು. ಇಷ್ಟು ದಿನ ಒಬ್ರೂ ಬರ್ಲಿಲ್ಲ."

"ನನ್ನ ಕೆಲಸ, ಮೇಡಂ..."

"ಇದೆಯಲ್ಲ, ಬೆಟ್ಟದಷ್ಟು! ಆ ರಾಶೀನ ಏನ್ಮಾಡೋಣ ಹೇಳಿ."

ಕತ್ತರಿಯಣ್ಣ ಕೂತ. ಕೂತ ಮೇಲೆ ದನಿಯೂ ಬಂತು. "ಸಣ್ಣ ಕೊಡೆ ಅಳತೆಗೆ ಮತ್ತೆ ಕತ್ತರಿಸ್ಬೋದು. ಹೊಲಿದಿದ್ರೆ ಅಷ್ಟೂ ಕಸ ಆಗ್ತಿತ್ತು."

ಗುಂಡಿ ಅಕ್ಕ ಮೆಲ್ಲಗೆ ಕೈ ಎತ್ತಿದಳು. "ಅವ್ರು ಎದ್ದ ಮೇಲೆ ಆ ಕುರ್ಚಿ ನಂಗೆ ಬೇಕಿತ್ತು ಮೇಡಂ."

ರೇಡಿಯೋವನ್ನು ಕರೆಸಿದರು. ಮಡಚಿದ ಕೊಡೆಯ ಹಾಗೆ ಬಂದು ನಿಂತ.

"ನಾನು ದಿನಾ ಏನು ಬೇಡ್ಕೋತೀನಿ ಗೊತ್ತಾ?" ಅಂದರು ಮೇಡಂ. "'ನಮ್ಮಪ್ಪನ ಗುಡುಗು ನನ್ನ ಗಂಟಲಲ್ಲೇ ಕೂತಿದೆ, ಇವತ್ತೊಂದು ದಿನ ಅದು ನನ್ನ ಬಾಯಿಂದ ಬರದ ಹಾಗೆ ನೋಡ್ಕೋ ದೇವರೇ' ಅಂತ. ಬೈಯಲ್ಲ ಅಂತ ಸುಮ್ನೆ ಹೇಳ್ತೀನಾ? ನಂಗೆ ಎಷ್ಟು ಕಷ್ಟ ಗೊತ್ತಾ?"

ಮೇಡಂ ಕೈಯಲ್ಲಿದ್ದ ಸ್ಪೀಕರನ್ನು ನೋಡಿದರು. ತುಟಿ ಅದುರಿತು.

"ದೇವ್ರು ಕೇಳಿಸ್ಕೊಂಡ್ಬಿಟ್ಟ ಕಣ್ರೋ! ನನ್ನ ಬಾಯಿಂದ ಬೇಡ ಅಂದೆ, ಕುರ್ಚಿ ಕೆಳಗಿಂದ ಕಳಿಸ್ದ!"

ನಾವೆಲ್ಲ ನಕ್ಕೆವು, ಕತ್ತರಿಯಣ್ಣನೂ ನಕ್ಕ. ಆದರೆ ಮೇಜಿನ ಅಂಚು ಹಿಡಿದು, ಕಣ್ಣಲ್ಲಿ ನೀರು ಬರಿಸಿಕೊಂಡು, ಸಾಕಪ್ಪಾ ಸಾಕು ಎನ್ನುತ್ತಲೇ ಇಡೀ ಕಾರ್ಖಾನೆಗೆ ಕೇಳುವಂತೆ ನಕ್ಕವರು ಮೇಡಂ.